ಪ್ರಿಕ್ಯಾಲ್ಕುಲಸ್‌ಗೆ ಮೇಷ್ಟ್ರು ಬೇಕಾಗಿದ್ದಾರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮಗಳು ಹತ್ತನೆಯ ತರಗತಿ. ಹೋದ ವರ್ಷ ಆಲ್ಜಿಬ್ರಾ 2ರಲ್ಲಿ ಎ ಗ್ರೇಡ್ ತೆಗೆದವಳು ಈಗ ಕಲನಶಾಸ್ತ್ರಕ್ಕೆ ಮುಂಚಿನ ಪಾಠವಾದ ಎಪಿ (ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಕೋರ್ಸ್) ಪ್ರಿಕ್ಯಾಲ್ಕುಲಸ್‌ನ ಎರಡು ಟೆಸ್ಟಿನಲ್ಲೂ 60ರ ಆಸುಪಾಸಿಗೆ ಇಳಿದಿದ್ದಾಳೆ. ಇಲ್ಲಿ ಟ್ಯೂಟರ್‌ಗಳು ಬಲು ದುಬಾರಿ. ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವರೊಬ್ಬರು ಆನ್‌ಲೈನ್‌ನಲ್ಲಿ ಕಲಿಸಲು ಒಪ್ಪಿದ್ದಾರೆ. ಅವರನ್ನೇ ಗೊತ್ತುಮಾಡಬಹುದೇ?
— ಒಬ್ಬ ತಾಯಿ, ಡಲ್ಲಾಸ್

ಉತ್ತರ: ಗೊತ್ತುಮಾಡಬಹುದು. ಆದರೆ ಅವರಿಗೆ ಹೂಂ ಅನ್ನುವ ಮುಂಚೆ ಆ ಎರಡು ಉತ್ತರಪತ್ರಿಕೆಗಳನ್ನು ಮಗಳ ಜೊತೆ ಕೂತು ನೋಡಿ. ಅಂಕ ಹೋದ ಪ್ರತಿಯೊಂದು ಕಡೆಯೂ ಅವಳ ಕೈಯಲ್ಲೇ ಗುರುತು ಹಾಕಿಸಿ: ವಿಷಯವೇ ಗೊತ್ತಿರಲಿಲ್ಲವೆ, ದಾರಿ ಗೊತ್ತಿದ್ದೂ ಲೆಕ್ಕ ತಪ್ಪಿತೆ, ಇಲ್ಲ ಸಮಯ ಸಾಲಲಿಲ್ಲವೆ? ಪ್ರಿಕ್ಯಾಲ್ಕುಲಸ್‌ನಲ್ಲಿ ಎಡವುವ ಮಕ್ಕಳಲ್ಲಿ ಎರಡನೆಯ ಬಗೆಯ ತಪ್ಪೇ ಹೆಚ್ಚು. ಅದರ ಬೇರು ಎಂಟು, ಒಂಬತ್ತನೆಯ ತರಗತಿಯ ಬೀಜಗಣಿತದಲ್ಲಿರುತ್ತದೆ. ಆಲ್ಜಿಬ್ರಾ 2ರಲ್ಲಿ ಎ ಬಂದ ಮಾತ್ರಕ್ಕೆ ಆ ಬೇರು ಗಟ್ಟಿ ಎಂದುಕೊಳ್ಳಬೇಡಿ. ಅಲ್ಲಿ ಹೋಮ್‌ವರ್ಕ್‌ಗೆ, ಮರುಪರೀಕ್ಷೆಗೆ ಸಿಕ್ಕ ಅಂಕವೂ ಗ್ರೇಡಿನಲ್ಲಿ ಸೇರಿರಬಹುದು.

ಆಮೇಲೆ ಈ ಆರು ಲೆಕ್ಕ ಕೊಡಿ. ಕ್ಯಾಲ್ಕುಲೇಟರ್ ಬೇಡ, 25 ನಿಮಿಷ ಸಾಕು.

ಒಂದು, 3/4ರಲ್ಲಿ 5/6 ಕಳೆ. ಎರಡು, 8ರ 2/3 ಘಾತ ಎಷ್ಟು? ಮೂರು, 6ಎಕ್ಸ್² − ಎಕ್ಸ್ − 2ನ್ನು ಅಪವರ್ತಿಸು. ನಾಲ್ಕು, −2ಎಕ್ಸ್ > 6 ಬಿಡಿಸು. ಐದು, 1/ಎಕ್ಸ್ ಮತ್ತು 1/(ಎಕ್ಸ್+1) ಎರಡನ್ನೂ ಕೂಡು. ಆರು, ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಆದರೆ ಎಫ್(ಎ+2) ಎಷ್ಟು?

ಉತ್ತರಗಳು: −1/12, 4, (3ಎಕ್ಸ್−2)(2ಎಕ್ಸ್+1), ಎಕ್ಸ್ < −3, ಐದನೆಯದಕ್ಕೆ ಮೇಲೆ 2ಎಕ್ಸ್+1, ಕೆಳಗೆ ಎಕ್ಸ್(ಎಕ್ಸ್+1), ಕೊನೆಯದು ಎ² + ಎ − 2.

ಮೊದಲ ಐದರಲ್ಲಿ ಎರಡೋ ಮೂರೋ ತಪ್ಪಿದರೆ ಸದ್ಯಕ್ಕೆ ಅವಳಿಗೆ ಪ್ರಿಕ್ಯಾಲ್ಕುಲಸ್ ಪಾಠ ಬೇಡ. ಭಿನ್ನರಾಶಿ, ಘಾತಾಂಕ, ಅಪವರ್ತನ, ಅಸಮತೆ ಇಷ್ಟನ್ನೇ ಮೂರು ವಾರ ತಿಕ್ಕಿಸಿ. ಐದನೆಯದಕ್ಕೆ 2/(2ಎಕ್ಸ್+1) ಎಂದು ಬರೆದಳೆಂದರೆ ಛೇದಗಳನ್ನು ನೇರವಾಗಿ ಕೂಡಿಬಿಟ್ಟಿದ್ದಾಳೆ. ಭಾಗಲಬ್ಧ ಫಲನಗಳ (ರ್ಯಾಷನಲ್ ಫಂಕ್ಷನ್) ಪಾಠವಿಡೀ ಇದೊಂದೇ ತಪ್ಪು ಬಡ್ಡಿ ಸಮೇತ ವಸೂಲಾಗುತ್ತದೆ. ಆರನೆಯದು ಮಾತ್ರ ತಪ್ಪಿದರೆ ಫಲನದ ಬರಹ ಅವಳಿಗೆ ಹಿಡಿತಕ್ಕೆ ಸಿಕ್ಕಿಲ್ಲವೆಂದು ಅರ್ಥ. ಎಫ್ ಅನ್ನು ಸಂಖ್ಯೆಯೆಂದು ತಿಳಿದು ಎ+2ರಿಂದ ಗುಣಿಸುವ ಮಕ್ಕಳೂ ಇದ್ದಾರೆ. ಅದಕ್ಕೆ ಎರಡು ತರಗತಿ ಸಾಕು. ಆರೂ ಸರಿಯಿದ್ದು ಟೆಸ್ಟಿನಲ್ಲಿ ಅಂಕ ಬರುತ್ತಿಲ್ಲವೆಂದರೆ ತೊಂದರೆ ಗ್ರಾಫ್ ಓದುವುದರಲ್ಲೋ ವೇಗದಲ್ಲೋ ಇದೆ. ಮೇಷ್ಟ್ರಿಗೆ ಈ ಆರರ ಹಾಳೆ ಮತ್ತು ಗುರುತು ಹಾಕಿದ ಉತ್ತರಪತ್ರಿಕೆ ಎರಡನ್ನೂ ಮೊದಲೇ ಕಳಿಸಿ. ಅವನ್ನು ನೋಡದೆ ‘ಮೊದಲನೇ ಪಾಠದಿಂದ ಶುರುಮಾಡೋಣ’ ಅನ್ನುವವರಿಗೆ ನಮಸ್ಕಾರ ಹೇಳಿಬಿಡಿ.

ಇನ್ನು ಮೈಸೂರಿನವರ ವಿಚಾರ. ಎಪಿ ಪ್ರಿಕ್ಯಾಲ್ಕುಲಸ್ ಶುರುವಾದದ್ದು 2023–24ರಲ್ಲಿ, ಮೊದಲ ಪರೀಕ್ಷೆ ನಡೆದದ್ದು 2024ರ ಮೇನಲ್ಲಿ. ಅದರಲ್ಲಿ ನಾಲ್ಕು ಘಟಕ: ಬಹುಪದೋಕ್ತಿ ಮತ್ತು ಭಾಗಲಬ್ಧ ಫಲನಗಳು, ಘಾತೀಯ ಮತ್ತು ಲಾಗರಿದಮ್ ಫಲನಗಳು, ತ್ರಿಕೋನಮಿತಿ ಮತ್ತು ಪೋಲಾರ್ ಫಲನಗಳು, ನಾಲ್ಕನೆಯದಾಗಿ ಪ್ಯಾರಾಮೀಟರ್, ವೆಕ್ಟರ್, ಮ್ಯಾಟ್ರಿಕ್ಸ್. ನಾಲ್ಕನೆಯದನ್ನು ಶಾಲೆ ಕಲಿಸಿದರೂ ಎಪಿ ಪರೀಕ್ಷೆಯಲ್ಲಿ ಕೇಳುವುದಿಲ್ಲ. ನಮ್ಮ ಪಿಯು ಮೇಷ್ಟ್ರುಗಳು ನಿತ್ಯಸಮೀಕರಣ ಸಾಧಿಸುವುದರಲ್ಲಿ, ಕೈಲೆಕ್ಕದಲ್ಲಿ ಪಳಗಿದವರು. ಅದು ಮಗಳಿಗೆ ಲಾಭವೇ. ಅವರಿಗೆ ಹೊಸದಾಗಬಹುದಾದದ್ದು ಮೂರು ನಾಲ್ಕು ಕಡೆ.

ಮೊದಲನೆಯದು ಕ್ಯಾಲ್ಕುಲೇಟರ್. ಪಿಯುನಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಎಪಿಯಲ್ಲಿ 40 ಬಹುಆಯ್ಕೆ ಪ್ರಶ್ನೆಗಳಲ್ಲಿ 12ಕ್ಕೆ, ಬಿಡಿಸಿ ಬರೆಯುವ 4ರಲ್ಲಿ 2ಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು. ದತ್ತಾಂಶ ಕೊಟ್ಟು ಅದಕ್ಕೆ ಹೊಂದುವ ಫಲನವನ್ನು ಕ್ಯಾಲ್ಕುಲೇಟರ್‌ನಿಂದಲೇ ತೆಗೆಯಿರಿ ಎನ್ನುತ್ತಾರೆ. ಡೆಸ್ಮಾಸ್ ಎಂಬ ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಉಚಿತವಾಗಿ ಸಿಗುತ್ತದೆ, ಮನಸ್ಸು ಮಾಡಿದರೆ ವಾರದಲ್ಲಿ ಕಲಿಯಬಹುದು. ಕಲಿಯುತ್ತೀರಾ ಎಂದು ನೇರವಾಗಿ ಕೇಳಿ. ಮಗಳ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯೋ ಡಿಗ್ರಿಯಲ್ಲಿದೆಯೋ ಎಂದು ಪ್ರತಿ ಸಲ ನೋಡಿಕೊಳ್ಳುವ ಅಭ್ಯಾಸವನ್ನೂ ಅವರೇ ಹಚ್ಚಬೇಕು. ರೇಡಿಯನ್‌ನಲ್ಲಿಟ್ಟು ಸೈನ್ 30 ಒತ್ತಿದರೆ 0.5ರ ಬದಲು −0.988 ಬರುತ್ತದೆ, ಮಕ್ಕಳು ಅದನ್ನೇ ಬರೆದು ಮುಂದೆ ಹೋಗುತ್ತಾರೆ.

ಎರಡನೆಯದು ಲಾಗ್. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿ ಪುಸ್ತಕದಲ್ಲಿ ಬರೀ ಲಾಗ್ ಎಂದು ಬರೆದರೆ ಆಧಾರ ಇ. ಅಮೆರಿಕದ ತರಗತಿಯಲ್ಲಿ ಬರೀ ಲಾಗ್ ಎಂದರೆ ಆಧಾರ 10; ಇ ಆಧಾರದ್ದಕ್ಕೆ ಎಲ್ಎನ್ ಎಂದು ಬೇರೆ ಗುರುತು. ಪಿಯು ರೂಢಿಯಲ್ಲಿ ಬರೆದುಕೊಡುವ ಮೇಷ್ಟ್ರಿಂದ ಮಗುವಿನ ಉತ್ತರ ಅಲ್ಲಿ ತಪ್ಪಾಗುತ್ತದೆ, ಯಾಕೆ ತಪ್ಪಾಯಿತೆಂದು ಇಬ್ಬರಿಗೂ ಹೊಳೆಯುವುದಿಲ್ಲ. ಮೂರನೆಯದು, ಪೋಲಾರ್ ನಿರ್ದೇಶಾಂಕದಲ್ಲಿ ಹೂವಿನೆಸಳಿನಂಥ ವಕ್ರರೇಖೆ ಬಿಡಿಸುವುದು, ಒಂದು ಅಕ್ಷಕ್ಕೆ ಮಾತ್ರ ಲಾಗ್ ಅಳತೆ ಹಾಕಿದ ಗ್ರಾಫ್ ಓದುವುದು. ಇವು ನಮ್ಮ ಪಿಯು ಪಾಠದಲ್ಲಿಲ್ಲ, ಮೇಷ್ಟ್ರು ತಯಾರಿ ಮಾಡಿಕೊಳ್ಳಬೇಕು. ಕೊನೆಗೆ, ‘ಆಲ್ ಸಿಲ್ವರ್ ಟೀ ಕಪ್ಸ್’ ಎಂದು ಬಾಯಿಪಾಠ ಮಾಡಿಸಿ ಗ್ರಾಫಿನ ಯಾವ ಕಾಲುಭಾಗದಲ್ಲಿ ಸೈನ್, ಕಾಸ್, ಟ್ಯಾನ್ ಧನವೋ ಋಣವೋ ಎಂದು ಚಿಹ್ನೆ ಹಾಕಿಸುವ ಪದ್ಧತಿ. ಉತ್ತರವೇನೋ ಸರಿ ಬರುತ್ತದೆ. ತ್ರಿಜ್ಯ 1 ಇರುವ ಏಕಮಾನ ವೃತ್ತದ ಮೇಲೆ ಬಿಂದು ಸುತ್ತುವಾಗ ಅದರ ಎತ್ತರವೇ ಸೈನ್ ಎಂಬ ಚಿತ್ರ ಕಣ್ಣಿಗೆ ಕಟ್ಟದಿದ್ದರೆ ಸೈನ್ ಗ್ರಾಫ್ ಎಳೆಯುವಾಗ ಅವಳು ಅಲ್ಲೇ ನಿಲ್ಲುತ್ತಾಳೆ.

ಒಂದು ಪ್ರಾಯೋಗಿಕ ತರಗತಿ ಕೇಳಿ, ಅದಕ್ಕೂ ಹಣ ಕೊಡಿ. ವಿಷಯ ನೀವೇ ಆರಿಸಿ: ಎಫ್(ಎಕ್ಸ್−2)ರ ಗ್ರಾಫ್ ಕಳೆಯುವ ಚಿಹ್ನೆಯಿದ್ದೂ ಬಲಕ್ಕೇ ಯಾಕೆ ಸರಿಯುತ್ತದೆ? ‘ಅದು ರೂಲು, ಹಾಗೇ ನೆನಪಿಟ್ಟುಕೋ’ ಎಂದರೆ ಸಾಲದು. ಮೊದಲು ಎಕ್ಸ್ ಬೆಲೆ 0 ಇದ್ದಾಗ ಸಿಗುತ್ತಿದ್ದ ಎತ್ತರ ಈಗ ಸಿಗಬೇಕಾದರೆ ಎಕ್ಸ್ ಎಷ್ಟಾಗಬೇಕೆಂದು ಕೇಳಿ, ಮಗಳ ಬಾಯಿಂದಲೇ ‘2’ ಹೊರಡಿಸುವವರು ಬೇಕು. ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿರಿ. ಒಂದು ಗಂಟೆಯಲ್ಲಿ ಕನಿಷ್ಠ 35 ನಿಮಿಷ ಪೆನ್ನು ಮಗಳ ಕೈಯಲ್ಲಿರಬೇಕು. ಆನ್‌ಲೈನ್ ಆದ್ದರಿಂದ ಮುಖ ಕಾಣಿಸುವುದಕ್ಕಿಂತ ಅವಳ ಹಾಳೆ ಕಾಣಿಸುವುದು ಮುಖ್ಯ: ಇನ್ನೊಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕ್ಯಾಮೆರಾ ಕೆಳಮುಖ ಮಾಡಿ, ಅಥವಾ ಸ್ಟೈಲಸ್ ಇರುವ ಟ್ಯಾಬ್ ಕೊಡಿ.

ಹೊತ್ತಿನ ಲೆಕ್ಕವನ್ನೂ ಮೊದಲೇ ಮಾತಾಡಿಕೊಳ್ಳಿ. ಬೇಸಿಗೆ ಕಾಲಮಾನದಲ್ಲಿ ನಿಮ್ಮ ಸಂಜೆ 7 ಅಂದರೆ ಮೈಸೂರಿನಲ್ಲಿ ಮರುದಿನ ಬೆಳಗಿನ 5:30. ನವೆಂಬರ್ ಮೊದಲ ಭಾನುವಾರದಿಂದ ಅದು 6:30 ಆಗುತ್ತದೆ, ಮಾರ್ಚ್ ಎರಡನೆಯ ಭಾನುವಾರ ಮತ್ತೆ ಹಿಂದಕ್ಕೆ ಬರುತ್ತದೆ. 7 ಗಂಟೆಗೆ ಕಾಲೇಜಿನ ಬ್ಯಾಚ್ ಇರುವವರು ನವೆಂಬರ್‌ನಲ್ಲಿ ಕೈಕೊಡುವುದು ಇದಕ್ಕೇ.

ಪ್ರಶ್ನೆ: ಮಗ ಪ್ರಥಮ ಪಿಯು, ಪಿಸಿಎಂಬಿ. ಇಲ್ಲಿ ಹೆಸರುವಾಸಿ ಬ್ಯಾಚ್ ಒಂದರಲ್ಲಿ 60 ಮಕ್ಕಳು. ಮನೆಗೇ ಬಂದು ಹೇಳಿಕೊಡುವ ನಿವೃತ್ತ ಉಪನ್ಯಾಸಕರೂ ಇದ್ದಾರೆ. ಸಿಇಟಿಗೆ ಯಾವುದು ಒಳ್ಳೆಯದು?
— ಹಾಸನದಿಂದ ಒಬ್ಬ ತಂದೆ

ಉತ್ತರ: ಅಮೆರಿಕದಲ್ಲಿ ಪ್ರಿಕ್ಯಾಲ್ಕುಲಸ್ ಎನ್ನುವ ಬಹುಪಾಲನ್ನು ನಮ್ಮಲ್ಲಿ ಪ್ರಥಮ ಪಿಯುನಲ್ಲೇ ಮಾಡುತ್ತಾರೆ: 14 ಅಧ್ಯಾಯ, ಗಣಗಳಿಂದ ಸಂಭವನೀಯತೆಯವರೆಗೆ. ದ್ವಿತೀಯ ಪಿಯುನ 13ರಲ್ಲಿ 5 ಅಧ್ಯಾಯ ಕಲನಶಾಸ್ತ್ರದ್ದು. ಅದಕ್ಕೆ ಅಡಿಪಾಯ ಪ್ರಥಮದ ಫಲನ, ತ್ರಿಕೋನಮಿತಿ, ಮಿತಿಗಳು. ಬೇಗ ದ್ವಿತೀಯದ ಪಾಠಕ್ಕೆ ಹಾರುವ ಆತುರದಲ್ಲಿ ಈ ಮೂರನ್ನು ಓಡಿಸಿಬಿಡುವ ಕಡೆ ಮಗನನ್ನು ಸೇರಿಸಬೇಡಿ. ಬ್ಯಾಚ್ ಆಗಲಿ ಮನೆಪಾಠ ಆಗಲಿ, ತ್ರಿಕೋನಮಿತಿಗೆ ಎಷ್ಟು ಗಂಟೆ ಕೊಡುತ್ತೀರೆಂದು ಕೇಳಿ. 18–20 ಗಂಟೆ ಅಂದರೆ ನಂಬಬಹುದು. ಆರು ಗಂಟೆಯಲ್ಲಿ ಮುಗಿಯುವುದು ಸೂತ್ರದ ಪಟ್ಟಿ ಮಾತ್ರ.

60 ಮಕ್ಕಳ ಬ್ಯಾಚಿನಲ್ಲಿ ಯಾರೂ ಅವನ ನೋಟ್‌ಬುಕ್ ನೋಡುವುದಿಲ್ಲ. ಅದು ಇನ್ನೊಂದು ಕಾಲೇಜು, ಅಷ್ಟೆ. ತಾನೇ ಲೆಕ್ಕ ಮಾಡಿ ಸಂದೇಹ ಬರೆದಿಟ್ಟುಕೊಂಡು ಹೋಗಿ ಕೇಳುವ ಹುಡುಗನಿಗೆ ಅದೂ ಸಾಕಾಗಬಹುದು. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡ್ ನಕಲಿಸುವವನಿಗೆ ನಾಲ್ಕರಿಂದ ಆರು ಮಕ್ಕಳ ಗುಂಪು ಅಥವಾ ಮನೆಪಾಠವೇ ಸರಿ.

ಉಪನ್ಯಾಸಕರನ್ನು ಪರೀಕ್ಷಿಸುವುದು ಮುಜುಗರ ಅನ್ನಿಸಿದರೆ ಮಗನ ಸಂದೇಹದ ನೆಪದಲ್ಲಿ ಒಂದು ಲೆಕ್ಕ ಇಡಿ. ಇಂಗ್ಲಿಷಿನಲ್ಲಿ ಮೈಸೂರು (MYSURU) ಎಂದು ಬರೆದರೆ ಆರು ಅಕ್ಷರ, ಯು ಎರಡು ಸಲ. ಎರಡು ಯು ಅಕ್ಕಪಕ್ಕ ಬಾರದಂತೆ ಎಷ್ಟು ಬಗೆಯಲ್ಲಿ ಜೋಡಿಸಬಹುದು? ಒಟ್ಟು 720ನ್ನು 2ರಿಂದ ಭಾಗಿಸಿ 360, ಎರಡು ಯು ಒಟ್ಟಿಗಿರುವವು 120, ಉಳಿದದ್ದು 240. ಇಷ್ಟನ್ನು ಬರೆದುಕೊಟ್ಟು ಮುಗಿಸಿದರೆ ಮಗನಿಗೆ ಸಿಕ್ಕಿದ್ದು ಆ ಒಂದು ಉತ್ತರ. 2ರಿಂದ ಯಾಕೆ ಭಾಗಿಸಿದೆವು ಎಂಬುದನ್ನು ಮೂರೇ ಅಕ್ಷರದ ಪದ ಕೊಟ್ಟು, ಎಲ್ಲ ಜೋಡಣೆಯನ್ನೂ ಅವನ ಕೈಯಲ್ಲೇ ಬರೆಸಿ ತೋರಿಸುವವರು ಸಿಕ್ಕರೆ ಬಿಡಬೇಡಿ.

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್, ತಪ್ಪಿಗೆ ಅಂಕ ಕಡಿತವಿಲ್ಲ. ಹಾಗಾಗಿ ಆಯ್ಕೆಗಳನ್ನೇ ಹಾಕಿ ನೋಡುವ ಶಾರ್ಟ್‌ಕಟ್ ಅಲ್ಲಿ ನಡೆಯುತ್ತದೆ. ಅದನ್ನು ಪ್ರಥಮ ಪಿಯುನಲ್ಲೇ ಕಲಿಸಿದರೆ ಹಂತಕ್ಕೆ ಅಂಕ ಕೊಡುವ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಮಗ ಎರಡು ಸಾಲು ಬರೆದು ಕೂರುತ್ತಾನೆ. ಶಾರ್ಟ್‌ಕಟ್ ದ್ವಿತೀಯದ ಕೊನೆಗೆ ಇರಲಿ. ಪಾಠ ಯಾವ ಪುಸ್ತಕದಿಂದ ಎಂದೂ ನೋಡಿ. ಗಣಿತೀಯ ಅನುಗಮನದಂಥ ಅಧ್ಯಾಯಗಳನ್ನು ಈಗ ಕೈಬಿಟ್ಟಿದ್ದಾರೆ. ಹಳೆಯ ನೋಟ್ಸ್ ಹಿಡಿದವರು ಅದಕ್ಕೇ ಒಂದು ವಾರ ಕಳೆಯಬಹುದು.

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ 92 ಬಂದಿತ್ತು. ಈಗ ಪಿಯು ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಏನೂ ತಲೆಗೆ ಹತ್ತುತ್ತಿಲ್ಲ ಸರ್. ಕನ್ನಡದಲ್ಲೇ ಹೇಳಿಕೊಡುವವರ ಹತ್ತಿರ ಟ್ಯೂಷನ್‌ಗೆ ಹೋಗಲೇ?
— ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಹೋಗು, ಆದರೆ ವಿವರಣೆ ಕನ್ನಡದಲ್ಲಿ, ಬರಹ ಇಂಗ್ಲಿಷಿನಲ್ಲಿ ಮಾಡಿಸುವವರ ಹತ್ತಿರ. ಎರಡೂ ಕನ್ನಡದಲ್ಲಾದರೆ ಪರೀಕ್ಷೆಯ ದಿನ ಮತ್ತೆ ಇದೇ ಗೋಳು. 92 ತೆಗೆದವಳಿಗೆ ಗಣಿತ ಹೊಸದಲ್ಲ, ಹೆಸರುಗಳು ಹೊಸವು. ಅಪವರ್ತನ ಅಂದರೆ ಫ್ಯಾಕ್ಟರ್, ಛೇದ ಡಿನಾಮಿನೇಟರ್, ಬಹುಪದೋಕ್ತಿ ಪಾಲಿನೋಮಿಯಲ್, ವರ್ಗಮೂಲ ಸ್ಕ್ವೇರ್ ರೂಟ್. ಒಂದು ನೋಟ್‌ಬುಕ್ಕಿನಲ್ಲಿ ಅಧ್ಯಾಯಕ್ಕೆ ಹದಿನೈದರಂತೆ ಬರೆದುಕೊಂಡರೆ 14 ಅಧ್ಯಾಯಕ್ಕೆ ಸುಮಾರು 200 ಪದ. ದಿನಕ್ಕೆ ಐದು ಕಲಿತರೂ ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ.

ಇವುಗಳಿಗಿಂತ ಕಾಡುವವು ಚಿಕ್ಕ ಪದಗಳು. ಅಟ್ ಲೀಸ್ಟ್ 3 ಅಂದರೆ ಮೂರು ಅಥವಾ ಹೆಚ್ಚು. ಅಟ್ ಮೋಸ್ಟ್ 3 ಅಂದರೆ ಸೊನ್ನೆಯಿಂದ ಮೂರರವರೆಗೆ. ಸಮಿತಿಗೆ ಕನಿಷ್ಠ ಮೂವರು ಹುಡುಗಿಯರನ್ನು ಆರಿಸುವ ಲೆಕ್ಕದಲ್ಲಿ ಸರಿಯಾಗಿ ಮೂವರನ್ನೇ ಆರಿಸಿ ಅಂಕ ಕಳೆದುಕೊಳ್ಳುವವರು ಇಂಗ್ಲಿಷ್ ಮಾಧ್ಯಮದಲ್ಲೂ ಇದ್ದಾರೆ. ಪ್ರತಿ ಲೆಕ್ಕವನ್ನೂ ಮೊದಲು ಇಂಗ್ಲಿಷಿನಲ್ಲಿ ಜೋರಾಗಿ ಓದಿಸಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಕನ್ನಡದಲ್ಲಿ ನಿನ್ನಿಂದಲೇ ಹೇಳಿಸುವ ಮೇಷ್ಟ್ರೋ ಮೇಡಮ್ಮೋ ಸಿಕ್ಕರೆ ಮೂರು ತಿಂಗಳಿಗಿಂತ ಹೆಚ್ಚು ಟ್ಯೂಷನ್ ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ಮನೆಪಾಠ ಶುರುವಾಗಿ ಎರಡು ತಿಂಗಳಾಯಿತು. ಹೋಮ್‌ವರ್ಕ್ ಎಲ್ಲಾ ಸರಿ, ಟೆಸ್ಟಿನಲ್ಲಿ ಮಾತ್ರ ಅದೇ ಅಂಕ. ತಪ್ಪು ಮಗನದೋ ಮೇಷ್ಟ್ರದೋ?
— ಓದುಗರು, ದಾವಣಗೆರೆ

ಉತ್ತರ: ಹೋಮ್‌ವರ್ಕ್ ಮಾಡುತ್ತಿರುವುದು ಮೇಷ್ಟ್ರು ಅನ್ನಿಸುತ್ತದೆ. ಹುಡುಗ ನೋಡಿ ತಲೆಯಾಡಿಸುತ್ತಾನೆ, ನೋಡುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಖಾಲಿ ಹಾಳೆಯಲ್ಲಿ ಹೋದ ವಾರದ ಮೂರು ಲೆಕ್ಕ, ಪುಸ್ತಕ ಮುಚ್ಚಿಟ್ಟು ಮಾಡಿಸಲು ಹೇಳಿ. ಮೂರೂ ಬೇರೆ ಬೇರೆ ಅಧ್ಯಾಯದವಿರಲಿ: ಒಂದೇ ಅಭ್ಯಾಸದ ಲೆಕ್ಕಗಳಲ್ಲಿ ಯಾವ ಸೂತ್ರ ಎಂಬುದು ಮೇಲಿನ ಶೀರ್ಷಿಕೆಯಲ್ಲೇ ಸಿಕ್ಕಿಬಿಡುತ್ತದೆ, ಟೆಸ್ಟಿನಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಮೂರು ವಾರ ಕಳೆದರೂ ಮೂರರಲ್ಲಿ ಎರಡು ತಪ್ಪುತ್ತಿದ್ದರೆ ಅಥವಾ ಮೇಷ್ಟ್ರಿಗೆ ಈ ಹತ್ತು ನಿಮಿಷ ಇಷ್ಟವೇ ಇಲ್ಲದಿದ್ದರೆ ಬೇರೆಯವರನ್ನು ನೋಡಿ.

ಪ್ರಶ್ನೆ: ವರ್ಷದ ಫೀಸು ಒಟ್ಟಿಗೇ ಕಟ್ಟಿ ಅನ್ನುತ್ತಾರೆ. ಕಟ್ಟಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಮನೆಪಾಠಕ್ಕಾದರೆ ಬೇಡ. ಮೊದಲ ನಾಲ್ಕು ತರಗತಿಗೆ ಅಂದಂದೇ ಕೊಡಿ, ಆಮೇಲೆ ತಿಂಗಳಿಗೊಮ್ಮೆ. ರಜೆ ಹಾಕಿದ ದಿನದ್ದು ಯಾರ ಲೆಕ್ಕ, ಪರೀಕ್ಷೆ ವಾರದಲ್ಲಿ ಹೆಚ್ಚುವರಿ ತರಗತಿಗೆ ಎಷ್ಟು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆದಿಟ್ಟುಕೊಳ್ಳಿ. ದೊಡ್ಡ ಕೋಚಿಂಗ್ ಸೆಂಟರ್ ಆದರೆ 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ನೆನಪಿರಲಿ: ಪೂರ್ತಿ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕು ಎನ್ನುತ್ತದೆ ಅದು. ರಸೀದಿ ಕೊಡದ ಕಡೆ ಇದನ್ನು ಹಿಡಿದು ಕೇಳುವುದು ಕಷ್ಟ. ಹಣ ಕೊಡುವಾಗಲೇ ರಸೀದಿ ಪಡೆಯಿರಿ, ಅದರಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆಸಿ.