ನಾಯಿ ಊಳಿಟ್ಟರೆ ಭೂಕಂಪ ಆಗುತ್ತಾ?

ನೀವು ಕಲಬುರಗಿ ಕಡೆಯವರು, ಓಣಿಯ ನಾಯಿಗಳು ಎರಡು ರಾತ್ರಿಯಿಂದ ಊಳಿಡುತ್ತಿವೆ, ಇದು ಭೂಕಂಪದ ಮುನ್ಸೂಚನೆ ಇರಬಹುದಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ಹೆದರಿ ಅಂಗಳದಲ್ಲಿ ಮಲಗಬೇಕಿಲ್ಲ. ಹಾಗಂತ ಪ್ರಾಣಿಗಳಿಗೆ ಏನೂ ತಿಳಿಯಲ್ಲ ಅಂತಲೂ ನಾನು ಹೇಳಲ್ಲ.

ಭೂಕಂಪ ಆದಾಗ ಮೊದಲು ಬರುವುದು ಪಿ ಅಲೆ. ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಅಲುಗಾಟ ಕಡಿಮೆ. ಮನೆ ಬೀಳಿಸುವ ಎಸ್ ಅಲೆ ಅದರ ಹಿಂದೆ, ಸುಮಾರು ಮೂರೂವರೆ ಕಿ.ಮೀ. ವೇಗದಲ್ಲಿ ಬರುತ್ತದೆ. ನೀವು ಭೂಕಂಪದ ಕೇಂದ್ರದಿಂದ 100 ಕಿ.ಮೀ. ದೂರದಲ್ಲಿದ್ದರೆ ಎರಡರ ನಡುವೆ ಹನ್ನೆರಡು ಸೆಕೆಂಡು ಸಿಗಬಹುದು. ನಮ್ಮ ಅರಿವಿಗೆ ಬಾರದ ಆ ಮೊದಲ ಅಲುಗಾಟ ನಾಯಿಗೆ, ದನಕ್ಕೆ ತಿಳಿಯುತ್ತದೆ. ಅಂದರೆ ಅವು ಗಾಬರಿಯಾಗುವ ಹೊತ್ತಿಗೆ ಭೂಕಂಪ ಆಗಲೇ ಶುರುವಾಗಿರುತ್ತದೆ.

ದಿನಗಟ್ಟಲೆ ಮೊದಲೇ ಗೊತ್ತಾಗುತ್ತೆ ಅನ್ನುವವರು ಚೀನಾದ ಹೈಚೆಂಗ್ ಹೆಸರು ಹೇಳುತ್ತಾರೆ. 1975ರ ಫೆಬ್ರವರಿ 4ರಂದು ಅಲ್ಲಿ ದೊಡ್ಡ ಭೂಕಂಪ ಆಯಿತು. ಕೊರೆಯುವ ಚಳಿಯಲ್ಲಿ ಹಾವುಗಳು ಬಿಲ ಬಿಟ್ಟು ಹೊರಬಂದಿದ್ದವು, ಜನರನ್ನು ಮೊದಲೇ ಹೊರಗೆ ಕಳಿಸಿದ್ದರು, ಎಷ್ಟೋ ಜೀವ ಉಳಿಯಿತು. ಇಷ್ಟೂ ನಿಜ. ಆದರೆ ಜನರನ್ನು ಹೊರಗೆ ಕಳಿಸಲು ಮುಖ್ಯ ಕಾರಣ ಹಾವಲ್ಲ. ಅದಕ್ಕೂ ಮುಂಚೆ ನೂರಾರು ಸಣ್ಣ ಕಂಪನಗಳು ಆಗಿದ್ದವು, ಕೆಲವು ಜನರಿಗೇ ತಿಳಿಯುವಷ್ಟು ಜೋರಾಗಿದ್ದವು. ಮುಂದಿನ ವರ್ಷ ಜುಲೈ 28ರಂದು ಚೀನಾದ್ದೇ ತಾಂಗ್‌ಶಾನ್ ನಗರ ಭೂಕಂಪಕ್ಕೆ ಕುಸಿಯಿತು. ಅಲ್ಲಿ ಅಂಥ ಮುನ್ಕಂಪನ ಇರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಸರ್ಕಾರದ ಲೆಕ್ಕದಲ್ಲೇ ಸತ್ತವರು 2,42,000. ಪ್ರಾಣಿಗಳು ವಿಚಿತ್ರವಾಗಿ ಆಡಿದ್ದವು ಅನ್ನುವ ಮಾತು ಅಲ್ಲೂ ಬಂತು, ಎಲ್ಲ ಮುಗಿದ ಮೇಲೆ. ನನಗೆ ಈ ವಿಷಯದಲ್ಲಿ ತುಂಬಾ ಬೇಸರ ತರುವುದು ಇದೇ. ನಾಯಿಗಳು ಊಳಿಟ್ಟು ಏನೂ ಆಗದ ರಾತ್ರಿಗಳನ್ನು ಯಾರೂ ಬರೆದಿಡುವುದಿಲ್ಲ, ಅಲ್ವಾ?

ಹಾಗೆ ಬರೆದಿಟ್ಟ ಒಂದು ಅಪರೂಪದ ಉದಾಹರಣೆ ಇಟಲಿಯದು. 2009ರಲ್ಲಿ ರೇಚಲ್ ಗ್ರಾಂಟ್ ಎಂಬ ವಿಜ್ಞಾನಿ ಒಂದು ಕೆರೆಯಲ್ಲಿ ನೆಲಗಪ್ಪೆಗಳನ್ನು ದಿನವೂ ಎಣಿಸುತ್ತಿದ್ದರು, ಭೂಕಂಪಕ್ಕಾಗಿ ಅಲ್ಲ. ಆ ವರ್ಷ ಅಲ್ಲಿನ ಲಾಕ್ವಿಲಾ ನಗರದಲ್ಲಿ ಆದ ಭೂಕಂಪಕ್ಕೆ ಐದು ದಿನ ಮೊದಲು ಗಂಡು ಕಪ್ಪೆಗಳಲ್ಲಿ 96% ಕೆರೆ ಬಿಟ್ಟು ಹೋದವು. ಅದೂ ಮರಿ ಮಾಡುವ ಕಾಲದಲ್ಲಿ! ಭೂಕಂಪದ ಕೇಂದ್ರ ಅಲ್ಲಿಂದ 74 ಕಿ.ಮೀ. ದೂರ. ಇದನ್ನು ನಾನು ಸುಮ್ನೆ ತಳ್ಳಿಹಾಕಲ್ಲ. ಆದರೆ ಒಂದು ಕೆರೆ, ಒಂದು ಭೂಕಂಪ ನೋಡಿ ಊರನ್ನು ಖಾಲಿ ಮಾಡಿಸೋಕೆ ಆಗಲ್ಲ.

ನಿಮ್ಮ ಭಯಕ್ಕೆ ಕಾರಣ ಇಲ್ಲ ಅಂತಲ್ಲ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಪದೇ ಪದೇ ನಡುಗಿ ಜನ ಊರು ಬಿಟ್ಟಿದ್ದರು. ಪಕ್ಕದ ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಸಾವಿರಾರು ಜನ ಸತ್ತರು. ಜಾಸ್ತಿ ಜನರನ್ನು ಕೊಂದಿದ್ದು ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲಿನ ಭಾರದ ಮಣ್ಣಿನ ಮಾಳಿಗೆ. ನಿಮ್ಮದೂ ಮಾಳಿಗೆ ಮನೆಯಾದರೆ ನಾಳೆ ಬೆಳಿಗ್ಗೆಯೇ ಗೋಡೆ ನೋಡಿ. ಮೂಲೆಯಲ್ಲಿ ಬಿರುಕಿದೆಯಾ, ಗೋಡೆ ಹೊಟ್ಟೆ ಬಿಟ್ಟಿದೆಯಾ? ಇದ್ದರೆ ಎಂಜಿನಿಯರ್‌ಗೆ ತೋರಿಸಿ. ಅಲ್ಲಿಯವರೆಗೆ ಆ ಗೋಡೆ ಪಕ್ಕ ಮಂಚ ಹಾಕಬೇಡಿ.