ಏನು ಬಡಿಸಬೇಕೆಂಬುದನ್ನು ಬಾಣಸಿಗರಿಗೇ ಬಿಟ್ಟಾಗ: ಸುಶಿ ಊಟದ ಬಗ್ಗೆ ಓದುಗರ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆಯ ಮಕ್ಕಳು ಓದು ಮುಗಿಸಿ ಜಪಾನಿನಲ್ಲಿ ಕೆಲಸಕ್ಕೆ ಸೇರಿ, ತಂದೆತಾಯಿಯರನ್ನು ಅಲ್ಲಿಗೆ ಕರೆಸಿಕೊಳ್ಳುವುದು ಈಗ ಅಪರೂಪವಲ್ಲ. ಈ ಸಲದ ಪತ್ರಗಳಲ್ಲಿ ಹಲವು ಅಂಥ ಮನೆಗಳಿಂದಲೇ ಬಂದಿವೆ. ಎಲ್ಲವೂ ಸುಶಿಯ, ಅಂದರೆ ವಿನೆಗರ್ ಬೆರೆಸಿದ ಅನ್ನಕ್ಕೆ ಮೀನನ್ನೋ ತರಕಾರಿಯನ್ನೋ ಸೇರಿಸಿ ಮಾಡುವ ಜಪಾನಿ ತಿನಿಸಿನ, ಸುತ್ತಲಿನ ಪ್ರಶ್ನೆಗಳಾದ್ದರಿಂದ ಅವನ್ನು ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಟೋಕಿಯೊದಲ್ಲಿರುವ ನಮ್ಮ ಮಗ ಎಂಟೇ ಜನ ಕೂರುವ, ಹೊರಗೆ ಸರಿಯಾದ ಬೋರ್ಡೂ ಇಲ್ಲದ ಒಂದು ಸುಶಿ ಹೋಟೆಲಿನಲ್ಲಿ ‘ಒಮಕಸೆ’ ಊಟಕ್ಕೆ ಜಾಗ ಕಾದಿರಿಸಿದ್ದಾನೆ. ಅಲ್ಲಿ ಮೆನುವೇ ಇಲ್ಲವಂತೆ. ನಾನು ಮೀನು ತಿನ್ನುತ್ತೇನಾದರೂ ಹಸಿ ಮೀನನ್ನು ಎಂದೂ ತಿಂದವನಲ್ಲ. ಏನೆಲ್ಲ ಬರುತ್ತದೆ, ಹೇಗೆ ನಡೆದುಕೊಳ್ಳಬೇಕು? — ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಒಮಕಸೆ ಎಂದರೆ ಆಯ್ಕೆಯನ್ನು ಬಾಣಸಿಗರಿಗೇ ಬಿಟ್ಟು, ಅವರು ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲಿ ಉಣ್ಣುವ ಪದ್ಧತಿ. ನೀವು ಕೂರುವುದು ಉದ್ದನೆಯ ಮರದ ಹಲಗೆಯ ಮುಂದೆ. ಹಲಗೆಯ ಆಚೆ ಬದಿಯಲ್ಲಿ ನಿಂತ ಬಾಣಸಿಗರು ನಿಮ್ಮ ಕಣ್ಣೆದುರೇ ಒಂದೊಂದೇ ತುತ್ತನ್ನು ಕೈಯಲ್ಲಿ ಕಟ್ಟಿ ಮುಂದಿಡುತ್ತಾರೆ. ಹಸಿ ಮೀನಿನ ಬಗ್ಗೆ ನಿಮಗಿರುವ ಅಳುಕು ಸಹಜವೇ. ಆದರೆ ಬರುವುದೆಲ್ಲವೂ ಹಸಿಯಾಗಿರುತ್ತದೆ ಎಂದುಕೊಳ್ಳಬೇಡಿ. ಟೋಕಿಯೊದ ಸುಶಿ ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ, ಆ ನಗರವಿನ್ನೂ ಎದೋ ಎಂಬ ಹೆಸರಿನಲ್ಲಿದ್ದಾಗ, ಬೀದಿಬದಿಯ ಗಾಡಿಗಳಲ್ಲಿ. ಅದಕ್ಕೆ ರೂಪ ಕೊಟ್ಟವನೆಂದು ಹನಾಯಾ ಯೊಹೆಯ ಹೆಸರನ್ನು ಹೇಳುತ್ತಾರೆ. ಐಸ್ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಮೀನು ಕೆಡದಂತೆ ಉಪ್ಪು ಹಚ್ಚುವುದು, ವಿನೆಗರ್‌ನಲ್ಲಿ ಅದ್ದುವುದು, ಸೋಯಾ ಸಾಸ್‌ನಲ್ಲಿ ನೆನೆಸುವುದು, ಬೇಯಿಸುವುದು ಅನಿವಾರ್ಯವಾಗಿತ್ತು. ಆ ಕೆಲಸಗಳೇ ಇಂದಿಗೂ ಒಳ್ಳೆಯ ಸುಶಿ ಮನೆಯ ನಿಜವಾದ ಕಸುಬು. ಕೊಹಾದಾ ಎಂಬ ಬೆಳ್ಳಿ ಬಣ್ಣದ ಪುಟ್ಟ ಮೀನನ್ನು ಸೀಳಿ, ಉಪ್ಪಿಟ್ಟು, ವಿನೆಗರ್‌ನಲ್ಲಿ ಹದ ಮಾಡುತ್ತಾರೆ. ಅನಾಗೋ ಎಂಬ ಕಡಲ ಹಾವುಮೀನನ್ನು ಮೆತ್ತಗೆ ಬೇಯಿಸಿ ಮೇಲೆ ಸಿಹಿ ರಸ ಸವರುತ್ತಾರೆ. ಸಿಗಡಿಯನ್ನೂ ಸಾಮಾನ್ಯವಾಗಿ ಬೇಯಿಸಿಯೇ ಕೊಡುತ್ತಾರೆ. ಹಸಿಯಾಗಿ ಬರುವ ಮೀನು ಕೂಡ ಎಷ್ಟೋ ಸಲ ಅಂದೇ ಹಿಡಿದದ್ದಾಗಿರುವುದಿಲ್ಲ. ಕೆಲವು ದಿನ ತಣ್ಣಗಿಟ್ಟು ಮಾಗಿಸಿದರೆ ಅದರ ಮಾಂಸ ಮೆದುವಾಗಿ ರುಚಿ ಗಾಢವಾಗುತ್ತದೆ. ಯಾವ ಮೀನಿಗೆ ಎಷ್ಟು ದಿನ ಎಂಬ ಅಂದಾಜಿನಲ್ಲಿಯೇ ಬಾಣಸಿಗರ ಅನುಭವ ಗೊತ್ತಾಗುತ್ತದೆ.

ಕ್ರಮ ಮನೆಯಿಂದ ಮನೆಗೆ ಬೇರೆಯಾದರೂ ಸಾಮಾನ್ಯವಾಗಿ ಹಗುರ ರುಚಿಯಿಂದ ಗಾಢ ರುಚಿಯ ಕಡೆಗೆ ಸಾಗುತ್ತದೆ. ಮೊದಲು ಬಿಳಿ ಮಾಂಸದ ಮೀನುಗಳು, ಆಮೇಲೆ ಟ್ಯೂನಾದ ಕೆಂಪು ಭಾಗ, ಅದರ ಹಿಂದೆಯೇ ಕೊಬ್ಬು ತುಂಬಿದ ಹೊಟ್ಟೆಯ ಭಾಗ, ನಡುವೆ ವಿನೆಗರ್‌ನ ಮೀನುಗಳು, ಕೊನೆಯ ಹೊತ್ತಿಗೆ ಅನಾಗೋ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು, ಸಿಹಿ ಮೊಟ್ಟೆಯ ತುಂಡು. ಮೊದಲನೆಯ ಬಿಳಿ ಮೀನು ನಾಲಿಗೆಗೆ ಸಪ್ಪೆಯೆನಿಸಿದರೆ ಬೇಸರಿಸಬೇಡಿ. ಖಾರ, ಹುಳಿ, ಮಸಾಲೆಗೆ ಒಗ್ಗಿದ ನಮ್ಮ ನಾಲಿಗೆಗೆ ಅದರ ನವಿರು ಹತ್ತಲು ಎರಡು ಮೂರು ತುತ್ತುಗಳಾದರೂ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೀನಿಗಿಂತ ಮೊದಲು ಅನ್ನವನ್ನು ಗಮನಿಸಿ. ಅದು ತಣ್ಣಗಿರಬಾರದು, ಹೆಚ್ಚುಕಡಿಮೆ ನಮ್ಮ ಮೈಯ ಬಿಸಿಯಷ್ಟಿರಬೇಕು. ಬಾಣಸಿಗರು ಬಲಗೈ ಬೆರಳಲ್ಲಿ ಅನ್ನದ ಚಿಕ್ಕ ಉಂಡೆಯನ್ನೆತ್ತಿ, ಎಡ ಅಂಗೈಯ ಮೀನಿನ ಹೋಳಿಗೆ ವಸಾಬಿ ಎಂಬ ಖಾರದ ಹಸಿರು ಅರಪನ್ನು ಚೂರು ಸವರಿ, ಎರಡನ್ನೂ ಸೇರಿಸಿ ಕೆಲವೇ ಒತ್ತುಗಳಲ್ಲಿ ಮುಗಿಸಿಬಿಡುತ್ತಾರೆ. ಅನ್ನದೊಳಗೆ ಗಾಳಿ ಉಳಿಯುವಂತೆ ಕಟ್ಟಿದ ತುತ್ತನ್ನು ತಟ್ಟೆಯ ಮೇಲಿಟ್ಟಾಗ ಅದು ಕಂಡೂ ಕಾಣದಷ್ಟು ಕೆಳಗೆ ಕುಸಿಯುತ್ತದೆ. ಇದನ್ನು ತಪ್ಪದೆ ನೋಡಿ. ಒಳ್ಳೆಯ ಕೈಯ ಗುರುತು ಇದು. ಬಾಯಿಗಿಟ್ಟೊಡನೆ ಅನ್ನದ ಅಗುಳುಗಳು ತಾವಾಗಿ ಬಿಡಿಬಿಡಿಯಾಗುತ್ತವೆ.

ಈ ಕಾರಣಕ್ಕೇ ಮುಂದಿಟ್ಟ ತುತ್ತನ್ನು ಕೂಡಲೇ ತಿನ್ನಬೇಕೆಂಬ ನಿಯಮವಿದೆ. ದಾವಣಗೆರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕಾವಲಿಯಿಂದ ಎದ್ದ ಬೆಣ್ಣೆ ದೋಸೆಯನ್ನು ಮುಂದಿಟ್ಟುಕೊಂಡು ಮಾತಿಗೆ ಕುಳಿತರೆ ಗರಿಯೂ ಹೋಗಿ ಬೆಣ್ಣೆಯೂ ಆರಿಬಿಡುವ ಹಾಗೆ, ಸುಶಿಯೂ ನಿಮಿಷಗಳಲ್ಲಿ ತನ್ನ ಹದ ಕಳೆದುಕೊಳ್ಳುತ್ತದೆ. ಫೋಟೊ ತೆಗೆಯುವುದಿದ್ದರೆ ಮೊದಲೇ ಅನುಮತಿ ಕೇಳಿ, ಒಂದೇ ಸಲ ತೆಗೆದು ಮುಗಿಸಿ. ಕೈಯಲ್ಲಿ ತಿನ್ನಬಹುದು, ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಕಡ್ಡಿಯಲ್ಲಿಯೇ ತಿನ್ನಬೇಕೆಂದು ಹೆಣಗಿ ತುತ್ತನ್ನು ಒಡೆಯುವುದಕ್ಕಿಂತ ಕೈಯೇ ಮೇಲು. ಅರ್ಧ ಕಚ್ಚದೆ ಇಡಿಯಾಗಿ ಬಾಯಿಗಿಡಿ. ಇಂಥ ಮನೆಗಳಲ್ಲಿ ಸೋಯಾ ರಸವನ್ನು ಬಾಣಸಿಗರೇ ಕುಂಚದಿಂದ ಸವರಿಯೇ ಕೊಡುವುದರಿಂದ ಮತ್ತೆ ಅದ್ದುವ ಅಗತ್ಯವಿಲ್ಲ. ಪಕ್ಕದಲ್ಲಿರುವ ಶುಂಠಿ ಉಪ್ಪಿನಕಾಯಿ ಎರಡು ತುತ್ತುಗಳ ನಡುವೆ ಬಾಯಿ ಶುಚಿಗೊಳಿಸಲು. ಅದನ್ನು ಸುಶಿಯ ಮೇಲೆ ಹೇರಿಕೊಂಡು ತಿನ್ನಬಾರದು. ಅತ್ತರು, ಸೆಂಟು ಬೇಡವೇ ಬೇಡ. ಎಂಟು ಜನ ಮೈಗೆ ಮೈ ಹತ್ತಿರ ಕೂರುವ ಕೋಣೆಯಲ್ಲಿ ನಿಮ್ಮ ಸೆಂಟಿನ ವಾಸನೆಯೇ ಉಳಿದ ಏಳು ಜನರ ಊಟವನ್ನು ಆವರಿಸಿಬಿಡುತ್ತದೆ. ಬಡಿಸುವುದು ಎಲ್ಲರಿಗೂ ಒಟ್ಟಿಗೇ ಶುರುವಾಗುವುದರಿಂದ ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆಯೇ ಬಾಗಿಲಲ್ಲಿರಿ. ಹೊಟ್ಟೆ ತುಂಬಿದರೆ ಅನ್ನ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಬಹುದು. ಹಾಗೆ ಕೇಳುವುದು ತಟ್ಟೆಯಲ್ಲಿ ಬಿಡುವುದಕ್ಕಿಂತ ಎಷ್ಟೋ ಗೌರವದ ನಡೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಅಳಿಯಂದಿರು ಪ್ರೀತಿಯಿಂದ ಇಂಥದೇ ಊಟಕ್ಕೆ ಕರೆಯುತ್ತಿದ್ದಾರೆ. ಅಲ್ಲಿಗೆ ಹೋಗಿ ಕೂತು, ಬೇಡವೆನ್ನಲಾರದೆ ಒದ್ದಾಡುವಂತಾಗುವುದೇ? — ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಹೋಗಿ ಕೂತ ಮೇಲೆ ಹೇಳುವುದಾದರೆ ಖಂಡಿತ ಒದ್ದಾಟವಾಗುತ್ತದೆ, ನಿಮಗೂ ಬಾಣಸಿಗರಿಗೂ. ಆಯ್ಕೆಯನ್ನು ಅವರಿಗೆ ಬಿಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಏನು ತಿನ್ನುವುದಿಲ್ಲ ಎಂಬುದನ್ನು ಜಾಗ ಕಾದಿರಿಸುವಾಗಲೇ ಪೂರ್ತಿಯಾಗಿ ಹೇಳಿದರೆ ಮಾತ್ರ ಅವರು ಮಿಕ್ಕದ್ದನ್ನು ಮನಃಪೂರ್ವಕವಾಗಿ ಯೋಚಿಸಬಲ್ಲರು. ‘ಸಸ್ಯಾಹಾರಿ’ ಎಂಬ ಒಂದು ಮಾತು ಅಲ್ಲಿ ಸಾಲುವುದಿಲ್ಲ. ಜಪಾನಿನ ಅಡುಗೆಗೆ ಬುನಾದಿಯಾದ ದಾಶಿ ಎಂಬ ಕಟ್ಟು, ಕೊಂಬು ಎಂಬ ಕಡಲಪಾಚಿ ಮತ್ತು ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ತುರಿದ ಬೊನಿಟೊ ಮೀನಿನಿಂದ ಆಗುತ್ತದೆ. ಅದು ಮಿಸೊ ಸಾರಿನಲ್ಲಿರುತ್ತದೆ, ಬೇಯಿಸಿದ ತರಕಾರಿಯಲ್ಲಿರುತ್ತದೆ, ಅದ್ದುವ ರಸದಲ್ಲಿಯೂ ಇರುತ್ತದೆ. ತಟ್ಟೆಯಲ್ಲಿ ಕಣ್ಣಿಗೆ ಕಾಣುವುದು ಬರೀ ಬದನೆಕಾಯಿಯಾದರೂ ಒಳಗೆ ಮೀನಿನ ಸಾರ ಇಳಿದಿರಬಹುದು. ಆದ್ದರಿಂದ ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ದಾಶಿಯೂ ಬೇಡ ಎಂದು ಅಳಿಯಂದಿರ ಕೈಯಲ್ಲಿ ಜಪಾನಿ ಭಾಷೆಯಲ್ಲಿಯೇ ಬರೆಸಿ ಕಳಿಸಿ.

ಕೊಂಬು ಮತ್ತು ಒಣಗಿದ ಶೀತಾಕೆ ಅಣಬೆಗಳಿಂದ ಮಾಡುವ ದಾಶಿ ಸಂಪೂರ್ಣ ಸಸ್ಯಾಹಾರಿ. ಕೊಂಬುವಿನ ರುಚಿಯ ಮೂಲ ಗ್ಲುಟಮೇಟ್ ಎಂಬುದನ್ನು ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ 1908ರಲ್ಲಿ ತೋರಿಸಿಕೊಟ್ಟ ಮೇಲೆ ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಜಗತ್ತು ‘ಉಮಾಮಿ’ ಎಂಬ ಐದನೆಯ ರುಚಿಯನ್ನು ಗುರುತಿಸುವಂತಾಯಿತು. ಆ ರುಚಿಗೆ ಮೀನೇ ಬೇಕೆಂದೇನಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೌತೆಕಾಯಿಯ ಸುರುಳಿ, ಸೋರೆಜಾತಿಯ ಕಾಯಿಯನ್ನು ಪಟ್ಟಿಯಾಗಿ ಒಣಗಿಸಿ ಬೇಯಿಸಿದ ಕಂಪ್ಯೊ, ಮೂಲಂಗಿ ಉಪ್ಪಿನಕಾಯಿ, ಕರಿದ ತೋಫುವಿನ (ಸೋಯಾ ಹಾಲಿನ ಪನೀರ್‌ನಂಥದ್ದು) ಚೀಲದಲ್ಲಿ ಅನ್ನ ತುಂಬಿದ ಇನಾರಿ ಇವೆಲ್ಲ ಸುಶಿಯ ಪರಂಪರೆಗೇ ಸೇರಿದವು. ಕಂಪ್ಯೊ ಮತ್ತು ಇನಾರಿ ಬೇಯಿಸಲು ಯಾವ ದಾಶಿ ಬಳಸಿದ್ದಾರೆಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ಆದರೂ ನನ್ನ ನೇರ ಸಲಹೆ ಇದು: ಮೀನನ್ನೇ ನೆಚ್ಚಿಕೊಂಡ ಎಂಟು ಕುರ್ಚಿಯ ಮನೆ ‘ಆಗದು’ ಎಂದರೆ ಬೇಸರಿಸದೆ ಒಪ್ಪಿಕೊಳ್ಳಿ. ಬೌದ್ಧ ವಿಹಾರಗಳ ಸಸ್ಯಾಹಾರಿ ಅಡುಗೆಯಾದ ಶೋಜಿನ್ ರ್ಯೋರಿ ಬಡಿಸುವ ಮನೆಗೆ ಕರೆದುಕೊಂಡು ಹೋಗಲು ಅಳಿಯಂದಿರಿಗೆ ಹೇಳಿ. ಎಳ್ಳಿನಿಂದ ಮಾಡಿದ ತೋಫು, ಋತುವಿನ ಗೆಡ್ಡೆಗೆಣಸು, ಸೊಪ್ಪು, ಅಣಬೆಗಳ ಆ ಊಟದಲ್ಲಿಯೂ ಬಡಿಸುವವರು ಕೊಟ್ಟದ್ದನ್ನು ನಂಬಿ ಉಣ್ಣುವ ಅದೇ ಸೊಗಸು ಸಿಗುತ್ತದೆ. ಅಲ್ಲಿ ನೀವು ಪ್ರತಿ ತುತ್ತಿಗೂ ಅನುಮಾನ ಪಡಬೇಕಾಗಿರುವುದಿಲ್ಲ.

ಪ್ರಶ್ನೆ: ಇಷ್ಟು ದುಬಾರಿ ಊಟವನ್ನು ಹುಡುಕಿದರೂ ಸಿಗದ ಸಂದಿಗೊಂದಿಯಲ್ಲಿ ಏಕೆ ಬಚ್ಚಿಡುತ್ತಾರೆ? ಇದು ಶ್ರೀಮಂತರ ಬೆಡಗಲ್ಲವೇ? — ಓದುಗರು, ಹರಿಹರ

ಉತ್ತರ: ಬೆಡಗು ಸ್ವಲ್ಪವೂ ಇಲ್ಲವೆಂದು ನಾನು ಹೇಳಲಾರೆ. ಆದರೆ ಮೂಲ ಕಾರಣ ಬೇರೆ. ಒಬ್ಬರ ಎರಡು ಕೈಗಳು ಹದಗೆಡದಂತೆ ಒಂದೇ ಹೊತ್ತಿಗೆ ಎಂಟು ಹತ್ತು ಜನರಿಗೆ ಮಾತ್ರ ಬಡಿಸಬಲ್ಲವು. ಅಷ್ಟು ಕಡಿಮೆ ಗಿರಾಕಿಗಳನ್ನು ನಂಬಿದವರಿಗೆ ರಸ್ತೆಗೆ ಮುಖವಿರುವ ಮಳಿಗೆಯ ಬಾಡಿಗೆ ಭಾರವಾಗುತ್ತದೆ. ದಾರಿಹೋಕರನ್ನು ಕರೆಯುವ ಅಗತ್ಯವೂ ಇಲ್ಲ. ಹಾಗಾಗಿ ನೆಲಮಾಳಿಗೆ, ಮೇಲಂತಸ್ತು, ಗಲ್ಲಿಯ ಒಳಮನೆ. ಟೋಕಿಯೊದ ಗಿಂಜಾದಲ್ಲಿರುವ ಪ್ರಸಿದ್ಧ ಸುಕಿಯಾಬಾಶಿ ಜಿರೊ ಕೂಡ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಹತ್ತೇ ಆಸನಗಳಲ್ಲಿ ನಡೆಯುತ್ತಾ ಬಂದಿದೆ. 2014ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರನ್ನು ಜಪಾನಿನ ಪ್ರಧಾನಿ ಶಿಂಜೊ ಅಬೆ ಊಟಕ್ಕೆ ಕರೆದೊಯ್ದದ್ದು ಅಲ್ಲಿಗೇ. ಹೋಟೆಲುಗಳಿಗೆ ದರ್ಜೆ ಕೊಡುವ ಮಿಷೆಲಿನ್ ಮಾರ್ಗದರ್ಶಿಯ ಮೂರು ನಕ್ಷತ್ರಗಳಿದ್ದ ಆ ಮನೆಯನ್ನು 2019ರಲ್ಲಿ ಪಟ್ಟಿಯಿಂದ ಕೈಬಿಟ್ಟದ್ದು ರುಚಿ ಕೆಟ್ಟಿತೆಂದಲ್ಲ, ಸಾರ್ವಜನಿಕರು ನೇರವಾಗಿ ಜಾಗ ಕಾದಿರಿಸುವಂತಿಲ್ಲ ಎಂಬ ಕಾರಣಕ್ಕೆ. ಪರಿಚಿತರ ಮೂಲಕ ಬಂದವರಿಗೆ ಮಾತ್ರ ಬಾಗಿಲು ತೆರೆಯುವ ಈ ರೂಢಿ ನನಗೆ ಪೂರ್ತಿ ಹಿಡಿಸುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಟೋಕಿಯೊದ ಹೆಸರಾಂತ ಮನೆಗಳಲ್ಲಿ ರಾತ್ರಿಯ ಊಟ ಒಬ್ಬರಿಗೆ 20,000 ಯೆನ್ ದಾಟುವುದು ಮಾಮೂಲು. ಮಧ್ಯಾಹ್ನ ಬಡಿಸುವ ಮನೆಗಳಲ್ಲಿ ಅದು ಬಹುಮಟ್ಟಿಗೆ ಕಡಿಮೆಗೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಮಧ್ಯಾಹ್ನವನ್ನೇ ಸೂಚಿಸುತ್ತೇನೆ. 2018ರ ಅಕ್ಟೋಬರಿನಲ್ಲಿ ತ್ಸುಕಿಜಿಯಿಂದ ತೊಯೊಸುಗೆ ಸ್ಥಳಾಂತರಗೊಂಡ ಟೋಕಿಯೊದ ಸಗಟು ಮೀನು ಮಾರುಕಟ್ಟೆಯಲ್ಲಿ ಬೆಳಗಿನ ಜಾವವೇ ವ್ಯಾಪಾರ ನಡೆಯುತ್ತದೆ. ಅಂದು ಎಷ್ಟು ಜನ ಬರುತ್ತಾರೋ ಅಷ್ಟಕ್ಕೇ ಲೆಕ್ಕ ಹಾಕಿ ಬಾಣಸಿಗರು ಮೀನು ತರುತ್ತಾರೆ. ಎಂಟರಲ್ಲಿ ಇಬ್ಬರು ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅಂದಿನ ಗಳಿಕೆಯ ಕಾಲುಭಾಗವೇ ಹೋಯಿತು. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದವರಿಂದ ಪೂರ್ತಿ ಹಣ ಕೇಳುವುದನ್ನು ದುರಾಸೆಯೆನ್ನಲಾಗದು. ಅಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ, ಕೊಟ್ಟರೆ ಮುಜುಗರವಾದೀತು. ಕೆಲವು ಚಿಕ್ಕ ಮನೆಗಳಲ್ಲಿ ಕಾರ್ಡ್ ನಡೆಯುವುದಿಲ್ಲವಾದ್ದರಿಂದ ನಗದು ಇಟ್ಟುಕೊಂಡಿರಿ.

ಪ್ರಶ್ನೆ: ಸೂಳೆಕೆರೆಯ ಮೀನು ನಮಗೆ ಜೀವಂತವಾಗಿಯೇ ಸಿಗುತ್ತದೆ. ಇಷ್ಟು ತಾಜಾ ಮೀನಿನಿಂದ ಮನೆಯಲ್ಲಿಯೇ ಸುಶಿ ಮಾಡಿ ಸ್ನೇಹಿತರಿಗೆ ಒಮಕಸೆ ರೀತಿಯಲ್ಲಿ ಬಡಿಸಬೇಕೆಂದಿದ್ದೇನೆ. ಸಲಹೆ ಕೊಡಿ. — ಓದುಗರು, ಚನ್ನಗಿರಿ

ಉತ್ತರ: ದಯವಿಟ್ಟು ಮಾಡಬೇಡಿ. ಕೆರೆ, ನದಿ, ಜಲಾಶಯಗಳ ಸಿಹಿನೀರಿನ ಮೀನನ್ನು, ಅದು ಸೂಳೆಕೆರೆಯದಾಗಲಿ, ತುಂಗಭದ್ರೆಯದಾಗಲಿ, ವಾಣಿವಿಲಾಸ ಸಾಗರದ್ದಾಗಲಿ, ಹಸಿಯಾಗಿ ತಿನ್ನಬಾರದು. ಯಕೃತ್ತಿನಲ್ಲಿ ನೆಲೆಸುವ ಚಪ್ಪಟೆ ಹುಳುಗಳು, ಚರ್ಮದಡಿ ಹರಿದಾಡುವ ಹುಳುಗಳು ಮುಂತಾದ ಪರೋಪಜೀವಿಗಳು ಹಸಿಯಾದ ಸಿಹಿನೀರಿನ ಮೀನಿನ ಮೂಲಕ ಮನುಷ್ಯನ ಮೈ ಸೇರುತ್ತವೆ. ಮೀನು ಎಷ್ಟು ತಾಜಾ ಎಂಬುದಕ್ಕೂ ಅದರೊಳಗೆ ಹುಳು ಇದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಜೀವಂತ ಮೀನಿನಲ್ಲಿ ಹುಳುವೂ ಜೀವಂತವಾಗಿಯೇ ಇರುತ್ತದೆ. ವಿನೆಗರ್, ನಿಂಬೆಹುಳಿ, ಉಪ್ಪು, ವಸಾಬಿ ಇವುಗಳಲ್ಲಿ ಯಾವುದನ್ನೂ ನಂಬಿಕೊಳ್ಳುವಂತಿಲ್ಲ. ಕಡಲ ಮೀನಿಗೂ ಅನಿಸಾಕಿಸ್ ಎಂಬ ಹುಳುವಿನ ಕಾಟವಿದೆ. ಅದಕ್ಕಾಗಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 24 ಗಂಟೆ ಇಡಬೇಕೆಂದು ಜಪಾನ್ ಹೇಳಿದರೆ, ಅಮೆರಿಕದ ನಿಯಮ ಅದೇ ಶೀತದಲ್ಲಿ 7 ದಿನ ಕೇಳುತ್ತದೆ. ಮತ್ತೆ ಮತ್ತೆ ಬಾಗಿಲು ತೆಗೆಯುವ ಮನೆಯ ಫ್ರಿಜ್ಜಿನ ಮೇಲ್ಗೂಡು ಆ ಶೀತವನ್ನು ಎಡೆಬಿಡದೆ ಕಾಯ್ದುಕೊಳ್ಳುತ್ತದೆಂಬ ಭರವಸೆಯಿಲ್ಲ. ಕರಾವಳಿಯಿಂದ ಐಸಿನಲ್ಲಿ ಘಟ್ಟ ಹತ್ತಿ ನಮ್ಮ ಊರಿನ ಮಾರುಕಟ್ಟೆಗೆ ಬರುವ ಬಂಗುಡೆ, ಅಂಜಲ್ ಕೂಡ ಬೇಯಿಸಿ ತಿನ್ನಲೆಂದು ಬಂದವು. ಸ್ನೇಹಿತರಿಗೆ ಬಡಿಸುವ ನಿಮ್ಮ ಆಸೆ ಒಳ್ಳೆಯದು, ಅದನ್ನು ಬಿಡಬೇಡಿ. ಮೀನನ್ನು ಪೂರ್ತಿ ಬೇಯಿಸಿ ಅಥವಾ ಹುರಿದು, ಒಂದೊಂದೇ ಬಗೆಯನ್ನು ಒಲೆಯಿಂದ ಇಳಿಸಿದ ಕೂಡಲೇ ಬಡಿಸಿ.

ಪ್ರಶ್ನೆ: ನಮ್ಮ ಗದ್ದೆಯ ಸೋನಾ ಮಸೂರಿಯಲ್ಲಿ ಸುಶಿ ಅನ್ನ ಮಾಡಬಹುದೇ? — ಓದುಗರು, ಮಲೇಬೆನ್ನೂರು

ಉತ್ತರ: ಕೈಯಲ್ಲಿ ಕಟ್ಟುವ ಸುಶಿಗೆ ಅದು ಒದಗುವುದಿಲ್ಲ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆಯಿರುವುದರಿಂದ ಅಗುಳಿಗೆ ಅಗುಳು ಅಂಟುತ್ತದೆ; ಸೋನಾ ಮಸೂರಿಯ ಗುಣವೇ ಉದುರುದುರಾಗಿ ಅರಳುವುದು. ಹಾಗೆಂದು ನಿಮ್ಮ ಅಕ್ಕಿಯನ್ನು ಹಿಸುಕಿ ಮುದ್ದೆ ಮಾಡಬೇಡಿ. ಜಪಾನಿನ ಮನೆಗಳಲ್ಲಿ ಮಾಡುವ ಚಿರಾಶಿ ಎಂಬ ಬಗೆಯಲ್ಲಿ ಅನ್ನವನ್ನು ಕಟ್ಟುವುದೇ ಇಲ್ಲ, ಹರಡಿ ಅದರ ಮೇಲೆ ತರಕಾರಿ, ಮೊಟ್ಟೆಯ ಎಳೆಗಳನ್ನು ಉದುರಿಸುತ್ತಾರೆ. ಎರಡು ಲೋಟ ಅಕ್ಕಿಯ ಬಿಸಿ ಅನ್ನಕ್ಕೆ ನಾಲ್ಕು ದೊಡ್ಡ ಚಮಚ ಅಕ್ಕಿ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು ಕರಗಿಸಿ ಸುರಿದು, ಅಗುಳು ಮುರಿಯದಂತೆ ಮರದ ಸೌಟನ್ನು ಅಡ್ಡಡ್ಡ ಆಡಿಸುತ್ತಾ ಬೀಸಣಿಗೆಯಿಂದ ಗಾಳಿ ಹಾಕಿ. ನಿಮ್ಮ ಅಕ್ಕಿ ಜಪಾನಿನ ಅಕ್ಕಿಯಷ್ಟು ರಸ ಹಿಡಿಯದಿರಬಹುದು. ಮೊದಲು ಮುಕ್ಕಾಲು ಭಾಗ ಸುರಿದು ನೋಡಿ, ಬೇಕಾದರೆ ಮಿಕ್ಕದ್ದನ್ನು ಸೇರಿಸಿ. ಎಳೆ ಸೌತೆಕಾಯಿ, ಸಣ್ಣಗೆ ಹೆಚ್ಚಿ ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಬೇಯಿಸಿದ ಗಜ್ಜರಿ, ಅಣಬೆ, ಹುರಿದ ಎಳ್ಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿಬಿಡುತ್ತದೆ, ಮಾಡಿದ ಹೊತ್ತಿನಲ್ಲಿಯೇ ಉಂಡು ಮುಗಿಸಿ.