ಚಿಕ್ಕ ವಿಮಾನ, ದೊಡ್ಡ ಬಾಂಡು

ಪ್ರಶ್ನೆ: ಮಗಳಿಗೆ ಸಣ್ಣ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಸಿಬ್ಬಂದಿ ಕೆಲಸ ಸಿಕ್ಕಿದೆ. ಎರಡು ವರ್ಷದ ಬಾಂಡ್, ಜೊತೆಗೆ ಮೂಲ ಅಂಕಪಟ್ಟಿ ಕೇಳುತ್ತಿದ್ದಾರೆ. ಕಳಿಸಬಹುದಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಕಳಿಸಿ ಅಮ್ಮಾ. ಆದರೆ ಮೂಲ ಅಂಕಪಟ್ಟಿ ಮಾತ್ರ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಸಾಕು. ನಾನು ಕೊಟ್ಟು, ವಾಪಸ್ ಪಡೆಯಲು ಏಳು ತಿಂಗಳು ಅಲೆದೆ!

ಆರು ವರ್ಷ ಎಟಿಆರ್ 72 ಎಂಬ ಚಿಕ್ಕ ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಿದ್ದೆ. ಎಪ್ಪತ್ತು ಚಿಲ್ಲರೆ ಸೀಟಿಗೆ ನಾವು ಇಬ್ಬರೇ. ನಿಯಮವೇ ಹಾಗೆ, 50 ಸೀಟಿಗೆ ಒಬ್ಬರು. ದಿನಕ್ಕೆ ನಾಲ್ಕು ಹಾರಾಟ. ನೀರು ಕೊಟ್ಟು ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತು. ನಿಂತಾಗ ಕರೆಂಟ್, ಎ.ಸಿ. ಕೊಡುವ ಪುಟ್ಟ ಇಂಜಿನ್ ಈ ವಿಮಾನದಲ್ಲಿ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಒಳಗೆ ಇಡ್ಲಿ ಬೇಯಿಸಬಹುದು.

ಸಂಬಳದ್ದೇ ಮುಖ್ಯ ವಿಷಯ. ನಮ್ಮಲ್ಲಿ ಮೂಲ ಸಂಬಳ ಕಡಿಮೆ, ಹಾರಿದ ಗಂಟೆಗೆ ಭತ್ಯೆ ಜಾಸ್ತಿ. ಕಂಪನಿಗೆ ಇದ್ದದ್ದೇ ಮೂರು ವಿಮಾನ. ಒಂದು ಕೆಟ್ಟು ಬಿಡಿಭಾಗಕ್ಕೆ ಕಾದು ನಿಂತರೆ ನಮ್ಮ ಕೈಗೆ ಅರ್ಧ ದುಡ್ಡು. ಹಾಗಾಗಿ ‘ತಿಂಗಳಿಗೆ ಕನಿಷ್ಠ ಎಷ್ಟು ಗಂಟೆಯ ಭತ್ಯೆ ಖಾತ್ರಿ?’ ಅಂತ ಕೇಳಿ, ಬರಹದಲ್ಲಿ ಪಡೆಯಿರಿ. ಬಾಯಿಮಾತು ಸುಮ್ನೆ.

ನಡುವೆ ಕೆಲಸ ಬಿಟ್ಟರೆ ಕಟ್ಟಬೇಕಾದ ಮೊತ್ತ ಬಾಂಡಿನಲ್ಲಿ ಎಷ್ಟಿದೆ, ಕಂಪನಿಯೇ ತೆಗೆದುಹಾಕಿದರೂ ಕಟ್ಟಬೇಕಾ ಅಂತ ನೋಡಿ. ಸೇರಿದ ಮೇಲೆ ಕಂಪನಿ ಪಿಎಫ್ ದುಡ್ಡು ಕಟ್ಟುತ್ತಿದೆಯಾ ಅಂತ ಮಗಳು ಪಾಸ್‌ಬುಕ್ ತಿಂಗಳು ತಿಂಗಳು ನೋಡುತ್ತಿರಲಿ. ಕಂಪನಿ ಸೋಲುವ ಸುಳಿವು ನಮಗೆ ಸಿಕ್ಕಿದ್ದು ಮೊದಲು ಅಲ್ಲಿಯೇ.